ಜೆನೆಟಿಕ್ ಕಾಯಿಲೆ, ಕಂಪ್ಯೂಟರ್, ಪೋಸ್ಟ್‌ಡಾಕ್: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಎಚ್‌ಡಿ ಮುಗಿಸುವ ಹಂತದಲ್ಲಿರುವವರು, ಎಂಎಸ್ಸಿ ಓದುತ್ತಿರುವವರು, ಅವರ ಅಪ್ಪ-ಅಮ್ಮ, ಒಮ್ಮೊಮ್ಮೆ ಡಾಕ್ಟರುಗಳೂ, ಜೆನೆಟಿಕ್ ಕಾಯಿಲೆಗಳನ್ನು ಕಂಪ್ಯೂಟರಿನಿಂದ ಅಧ್ಯಯನ ಮಾಡುವ ಪೋಸ್ಟ್‌ಡಾಕ್ ತರಬೇತಿಯ ಬಗ್ಗೆ ಕೇಳುವ ಪ್ರಶ್ನೆಗಳು ಇವು. ಎಲ್ಲಿ ಗೊಂದಲ ಜಾಸ್ತಿಯೋ ಅಲ್ಲಿ ಉದ್ದವಾಗಿ ಬರೆದಿದ್ದೇನೆ. ಉಳಿದ ಕಡೆ ಎರಡು ಮಾತಿಗೆ ಮುಗಿಸಿದ್ದೇನೆ.

ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಮೇಲೆ ಇನ್ನೊಂದು ಡಿಗ್ರಿನಾ?

ಅಲ್ಲ. ಪರೀಕ್ಷೆ ಇಲ್ಲ, ಘಟಿಕೋತ್ಸವ ಇಲ್ಲ, ಹೆಸರಿನ ಮುಂದೆ ಸೇರಿಸಿಕೊಳ್ಳಲು ಹೊಸದೇನೂ ಸಿಗುವುದಿಲ್ಲ. ಪಿಎಚ್‌ಡಿ ಆದಮೇಲೆ ಬೇರೊಬ್ಬ ವಿಜ್ಞಾನಿಯ ಲ್ಯಾಬಿಗೆ ಹೋಗಿ, ಸಂಬಳ ತಗೊಂಡು, ಎರಡರಿಂದ ಐದು ವರ್ಷ ಸಂಶೋಧನೆ ಮಾಡುತ್ತಾ ಕಲಿಯುವುದು. ಅಷ್ಟೇ.

ಪಿಎಚ್‌ಡಿಯಲ್ಲಿ ಪ್ರಶ್ನೆ ಬಹುಪಾಲು ಗೈಡ್ ಕೊಟ್ಟದ್ದು. ಪೋಸ್ಟ್‌ಡಾಕ್ ಮುಗಿಯುವ ಹೊತ್ತಿಗೆ ನಿಮ್ಮದೇ ಅನ್ನುವ ಒಂದು ಪ್ರಶ್ನೆ ನಿಮ್ಮ ಕೈಯಲ್ಲಿರಬೇಕು. ಆದ್ದರಿಂದ ಯಾವ ಲ್ಯಾಬಿಗೆ ಸೇರುವ ಮೊದಲೂ ಅಲ್ಲಿನ ಮುಖ್ಯಸ್ಥರನ್ನು ಇದೊಂದು ಮಾತು ನೇರವಾಗಿ ಕೇಳಿ: "ಇಲ್ಲಿಂದ ಹೋಗುವಾಗ ಯಾವ ಕೆಲಸವನ್ನು ನಾನು ಜೊತೆಗೆ ತಗೊಂಡು ಹೋಗಬಹುದು?" ಉತ್ತರ ಕೊಡಲು ತಡಕಾಡಿದರೆ, ಆ ಲ್ಯಾಬಿಗೆ ಬೇಕಾಗಿರುವುದು ಕೆಲಸಗಾರ, ಶಿಷ್ಯ ಅಲ್ಲ.

ಕಾಯಿಲೆಗೂ ಕಂಪ್ಯೂಟರಿಗೂ ಏನು ಸಂಬಂಧ? ದಿನವಿಡೀ ಏನು ಮಾಡುತ್ತಾರೆ?

ಒಂದು ಕಾಲ್ಪನಿಕ ಮಗುವನ್ನು ಇಟ್ಟುಕೊಂಡು ಹೇಳುತ್ತೇನೆ. ಸಿಂಧನೂರು ಕಡೆಯ ಎರಡು ವರ್ಷದ ಮಗು. ಎಂಟನೇ ತಿಂಗಳಿಗೆ ಕೂರುತ್ತಿತ್ತು, ಆಮೇಲೆ ಕೂರುವುದನ್ನೇ ಬಿಟ್ಟಿತು. ಅಪ್ಪ-ಅಮ್ಮ ಸೋದರಮಾವ-ಸೊಸೆ. ರಕ್ತದ ಎಲ್ಲ ಸಾಮಾನ್ಯ ಪರೀಕ್ಷೆ ಸರಿಯಾಗೇ ಇವೆ. ಡಾಕ್ಟರು ಎಕ್ಸೋಮ್ ಪರೀಕ್ಷೆಗೆ ಕಳಿಸುತ್ತಾರೆ.

ಮನುಷ್ಯನ ಜೀನೋಮ್, ಅಂದರೆ ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳಲ್ಲಿ ಬರೆದ ಪೂರ್ತಿ ಡಿಎನ್‌ಎ ಬರಹ, ಸುಮಾರು 300 ಕೋಟಿ ಅಕ್ಷರ. ಅದರಲ್ಲಿ ಪ್ರೋಟೀನು ತಯಾರಿಸುವ ಸುಮಾರು 20 ಸಾವಿರ ಜೀನ್‌ಗಳಿವೆ. ಆ ಜೀನ್‌ಗಳ ಪ್ರೋಟೀನು ಬರೆಯುವ ಭಾಗಗಳನ್ನೆಲ್ಲ ಒಟ್ಟು ಸೇರಿಸಿದರೆ ಎಕ್ಸೋಮ್. ಅದು ಇಡೀ ಜೀನೋಮಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಯಂತ್ರ ಆ ಭಾಗವನ್ನು ನೂರೈವತ್ತು ಅಕ್ಷರಗಳ ತುಂಡುಗಳಾಗಿ ಓದುತ್ತದೆ. ಅಂಥ ಕೋಟಿಗಟ್ಟಲೆ ತುಂಡುಗಳನ್ನು ಕಂಪ್ಯೂಟರು, ಎಲ್ಲರೂ ಹೋಲಿಕೆಗೆ ಬಳಸುವ ಮಾದರಿ ಜೀನೋಮಿನ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ಎಲ್ಲಿ ಅಕ್ಷರ ಬೇರೆ ಇದೆಯೋ ಅದನ್ನು ಪಟ್ಟಿ ಮಾಡುತ್ತದೆ. ಈ ಹಂತದವರೆಗಿನ ಕೆಲಸಕ್ಕೆ ಬಿಡಬ್ಲ್ಯೂಎ, ಜಿಎಟಿಕೆ ಮುಂತಾದ ಸಾಫ್ಟ್‌ವೇರ್ ಇವೆ, ಎಲ್ಲವೂ ಪುಕ್ಕಟೆ.

ಪಟ್ಟಿಯಲ್ಲಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ವ್ಯತ್ಯಾಸಗಳಿರುತ್ತವೆ. ಗಾಬರಿ ಬೇಡ, ನಿಮ್ಮಲ್ಲೂ ಅಷ್ಟೇ ಇರುತ್ತವೆ, ನನ್ನಲ್ಲೂ. ಅದರಲ್ಲಿ ಕಾಯಿಲೆ ತಂದದ್ದು ಒಂದೋ ಎರಡೋ. ಅದನ್ನು ಹುಡುಕುವುದೇ ಕೆಲಸ. ಊರಲ್ಲಿ ಎಲ್ಲರಿಗೂ ಇರುವ ವ್ಯತ್ಯಾಸ ಅಪರೂಪದ ಕಾಯಿಲೆ ತರಲಾರದು, ಹಾಗಾಗಿ ಸಾಮಾನ್ಯವಾದವನ್ನು ಮೊದಲು ತೆಗೆದುಹಾಕುತ್ತಾರೆ. ಕೆಲವು ನೂರು ಉಳಿಯುತ್ತವೆ. ಅಪ್ಪ-ಅಮ್ಮ ಹತ್ತಿರದ ಸಂಬಂಧಿಗಳಾದ್ದರಿಂದ ಮಗುವಿನ ಎರಡೂ ಪ್ರತಿಯಲ್ಲಿ (ಒಂದೊಂದು ಜೀನ್‌ಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತದೆ) ಒಂದೇ ಥರ ಇರುವ ಜಾಗಗಳನ್ನು ಮೊದಲು ನೋಡುತ್ತಾರೆ. ಪಟ್ಟಿ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ. ಇನ್ನು ಒಂದೊಂದನ್ನೂ ಕೂತು ಓದಬೇಕು. ಈ ಜೀನ್ ಕೆಟ್ಟರೆ ಕೂರಲು ಕಲಿತ ಮಗು ಕೂರುವುದನ್ನು ಬಿಡುತ್ತದಾ? ಇಲಿಯಲ್ಲಿ ಏನಾಗಿದೆ? ಬೇರೆ ದೇಶದಲ್ಲಿ ಇಂಥ ಇನ್ನೊಂದು ಮಗು ಇದೆಯಾ?

ಸಣ್ಣ ವಿಷಯದಲ್ಲಿ ಎಡವುವುದೇ ಇಲ್ಲಿ ಜಾಸ್ತಿ. ಕೆಂಪು ರಕ್ತಕಣ ಕುಡುಗೋಲಿನ ಥರ ಬಾಗುವ ಸಿಕಲ್ ಸೆಲ್ ಕಾಯಿಲೆಯನ್ನೇ ತಗೊಳ್ಳಿ. ಹನ್ನೊಂದನೇ ಕ್ರೋಮೋಸೋಮಿನ ಎಚ್‌ಬಿಬಿ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗುತ್ತದೆ. ಪಠ್ಯಪುಸ್ತಕದಲ್ಲಿ ಜಿಎಜಿ ಹೋಗಿ ಜಿಟಿಜಿ ಆಯಿತು, ಅಂದರೆ ಎ ಜಾಗದಲ್ಲಿ ಟಿ ಬಂತು ಅಂತ ಓದಿರುತ್ತೀರಿ. ಫೈಲಿನಲ್ಲಿ ನೋಡಿದರೆ ಟಿ ಜಾಗದಲ್ಲಿ ಎ ಅಂತ ಇರುತ್ತದೆ! ಆ ಜೀನ್ ಡಿಎನ್‌ಎಯ ಇನ್ನೊಂದು ಎಳೆಯ ಮೇಲಿದೆ, ಒಂದು ಎಳೆಯ ಎ ಎದುರಿಗೆ ಇನ್ನೊಂದರಲ್ಲಿ ಟಿ ಇರುತ್ತದೆ, ಅದಕ್ಕೆ ಹಾಗೆ. ಜಾಗದ ಸಂಖ್ಯೆಯೂ ಅಷ್ಟೇ. ಮಾದರಿ ಜೀನೋಮಿನ ಹಳೆಯ 37ನೇ ಆವೃತ್ತಿಯಲ್ಲಿ 5248232, ಹೊಸ 38ರಲ್ಲಿ 5227002. ಎರಡು ಆವೃತ್ತಿ ಬೆರೆಸಿಬಿಟ್ಟರೆ ಸಾಫ್ಟ್‌ವೇರ್ ಬೈಯುವುದಿಲ್ಲ, ಸುಮ್ನೆ ತಪ್ಪು ಉತ್ತರ ಕೊಟ್ಟು ಕೂರುತ್ತದೆ. ಇಂಥದ್ದನ್ನು ಹಿಡಿಯುವ ಕಣ್ಣು ಬರುವುದು ಪಕ್ಕದಲ್ಲಿ ಕೂತು ತೋರಿಸುವವರು ಇದ್ದಾಗಲೇ. ಪೋಸ್ಟ್‌ಡಾಕ್ ತರಬೇತಿಯ ದೊಡ್ಡ ಭಾಗ ಇದು.

ಇಷ್ಟೆಲ್ಲ ಮಾಡಿದ ಮೇಲೂ ಎಕ್ಸೋಮ್ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಖಚಿತ ಉತ್ತರ ಸಿಗುವುದಿಲ್ಲ. ಸಂಶೋಧನೆ ಶುರುವಾಗುವುದು ಅಲ್ಲಿಂದಲೇ.

ನಮ್ಮ ಕಡೆ ಸಂಬಂಧದಲ್ಲೇ ಮದುವೆ ಜಾಸ್ತಿ. ಇದಕ್ಕೂ ಈ ವಿಷಯಕ್ಕೂ ನಂಟಿದೆಯಾ?

ಇದೆ, ಚೆನ್ನಾಗಿಯೇ ಇದೆ. ಆದರೆ ಇದನ್ನು ಬೈಗುಳದ ಥರ ಹೇಳುವವರೇ ಹೆಚ್ಚು. ಲೆಕ್ಕ ಸರಿಯಾಗಿ ಗೊತ್ತಿರಬೇಕು.

ನಮ್ಮೆಲ್ಲರಲ್ಲೂ ಕೆಟ್ಟ ಜೀನ್ ಪ್ರತಿಗಳು ಕೆಲವು ಇರುತ್ತವೆ. ಇನ್ನೊಂದು ಪ್ರತಿ ಸರಿ ಇರುವುದರಿಂದ ತೊಂದರೆ ಆಗುವುದಿಲ್ಲ. ಗಂಡ-ಹೆಂಡತಿ ಒಂದೇ ಅಜ್ಜಿ-ತಾತನ ಕಡೆಯವರಾದರೆ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರಬಹುದು. ಆಗ ಮಗುವಿಗೆ ಎರಡೂ ಪ್ರತಿ ಕೆಟ್ಟದ್ದೇ ಬರುವ ಸಾಧ್ಯತೆ ಇದೆ. ಸೋದರಮಾವನ ಜೊತೆ ಮದುವೆಯಾದರೆ ಹುಟ್ಟುವ ಮಗುವಿನ ಜೀನೋಮಿನಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಹೀಗೆ ಎರಡೂ ಕಡೆ ಒಂದೇ ಆಗಿರುತ್ತದೆ. ಅತ್ತೆ ಮಗಳು, ಮಾವನ ಮಗ ಆದರೆ ಹದಿನಾರರಲ್ಲಿ ಒಂದು.

ಹಾಗಂತ ಎಲ್ಲ ಮಕ್ಕಳಿಗೂ ಕಾಯಿಲೆ ಬರುತ್ತದೆ ಅಂತಲ್ಲ. ಸಂಬಂಧವೇ ಇಲ್ಲದವರ ಮಕ್ಕಳಲ್ಲಿ ಹುಟ್ಟಿನಿಂದ ಬರುವ ಗಂಭೀರ ತೊಂದರೆಯ ಅಪಾಯ ನೂರಕ್ಕೆ 3-4 ಇದ್ದರೆ, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದಕ್ಕೆ ಇನ್ನೊಂದು 2-3 ಸೇರುತ್ತದೆ. ಸೋದರಮಾವನ ಮದುವೆಯಲ್ಲಿ ಅದಕ್ಕಿಂತ ಜಾಸ್ತಿ. ಬಹುಪಾಲು ಮಕ್ಕಳು ಆರೋಗ್ಯವಾಗೇ ಹುಟ್ಟುತ್ತಾರೆ.

ಇನ್ನೊಂದು ಮಾತು. ಸಂಬಂಧದಲ್ಲಿ ಮದುವೆ ಆಗದಿದ್ದರೂ ನಮ್ಮಲ್ಲಿ ಬಹಳ ತಲೆಮಾರಿನಿಂದ ಮದುವೆ ಜಾತಿಯೊಳಗೇ ನಡೆದಿದೆ. ಹಿಂದೆ ಯಾರೋ ಒಬ್ಬರಲ್ಲಿದ್ದ ಬದಲಾವಣೆ ಇಡೀ ಸಮುದಾಯದಲ್ಲಿ ಹರಡಿರಬಹುದು. ನಮ್ಮ ಪೇಟೆಗಳಲ್ಲಿ ವಾಸವಿ ಗುಡಿ ಇಲ್ಲದ ಊರಿಲ್ಲ ಅಲ್ವಾ? ವೈಶ್ಯ ಸಮುದಾಯದಲ್ಲಿ ಬಿಸಿಎಚ್‌ಇ ಅನ್ನುವ ಜೀನ್‌ನ ಒಂದು ಬದಲಾವಣೆ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇದೆ. ದಿನನಿತ್ಯ ಅದರಿಂದ ಏನೂ ಆಗದು. ಆಪರೇಶನ್‌ಗೆ ಮೊದಲು ಸ್ನಾಯು ಸಡಿಲಿಸುವ ಒಂದು ಔಷಧ ಕೊಟ್ಟಾಗ ಮಾತ್ರ ಅದರ ಪ್ರಭಾವ ನಿಮಿಷಗಳಲ್ಲಿ ಇಳಿಯದೆ ಗಂಟೆಗಟ್ಟಲೆ ಉಳಿಯಬಹುದು. ಮೊದಲೇ ಗೊತ್ತಿದ್ದರೆ ಅರಿವಳಿಕೆ ಡಾಕ್ಟರು ಬೇರೆ ಔಷಧ ಕೊಡುತ್ತಾರೆ, ಕಥೆ ಮುಗಿಯಿತು. ಇನ್ನೊಂದು ಉದಾಹರಣೆ ಎಲ್ಲ ಜಾತಿಗೂ ಸೇರಿದ್ದು: ಹೃದಯದ ಸ್ನಾಯುವಿಗೆ ಬೇಕಾದ ಎಂವೈಬಿಪಿಸಿ3 ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು. ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಇದೆ ಅಂತ 2009ರಲ್ಲೇ ವರದಿಯಾಯಿತು. ಹೃದಯ ದುರ್ಬಲವಾಗುವ ಅಪಾಯ ಇದರಿಂದ ಹೆಚ್ಚುತ್ತದೆ.

ಇನ್ನು ನಮ್ಮ ಲೆಕ್ಕ ಜಗತ್ತಿನ ಪಟ್ಟಿಗಳಲ್ಲಿ ಎಷ್ಟಿದೆ ನೋಡಿ. ಎಲ್ಲರೂ ಬಳಸುವ 1000 ಜೀನೋಮ್ಸ್ ಯೋಜನೆಯಲ್ಲಿ ದಕ್ಷಿಣ ಏಷ್ಯಾದ ಐದು ಗುಂಪು ಇವೆ: ಗುಜರಾತಿ, ಪಂಜಾಬಿ, ಬಂಗಾಳಿ, ತೆಲುಗು, ಶ್ರೀಲಂಕಾದ ತಮಿಳು. ತೆಲುಗು ಮತ್ತು ತಮಿಳಿನವರು ಬ್ರಿಟನ್ನಿನಲ್ಲಿ, ಗುಜರಾತಿಗಳು ಅಮೆರಿಕದ ಹ್ಯೂಸ್ಟನ್ನಿನಲ್ಲಿ ನೆಲೆಸಿದವರು. ಕನ್ನಡದವರ ಗುಂಪೇ ಇಲ್ಲ. ನೋಮ್ಯಾಡ್ ಅನ್ನುವ ದೊಡ್ಡ ಪಟ್ಟಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇದ್ದರೂ ಬಹುಪಾಲು ಯುರೋಪಿನ ಮೂಲದವರದ್ದು. ಅಲ್ಲಿ ಇಲ್ಲ ಅಂದಮಾತ್ರಕ್ಕೆ ಸಿಂಧನೂರಿನ ಮಗುವಿನ ಬದಲಾವಣೆ ಅಪರೂಪದ್ದು ಅಂತ ಹೇಳಲಾಗುವುದಿಲ್ಲ. ಅದು ನಮ್ಮ ತಾಲ್ಲೂಕಿನಲ್ಲಿ ತುಂಬ ಜನರಲ್ಲಿ ಇದ್ದು, ಯಾರಿಗೂ ಏನೂ ಮಾಡದೆ ಸುಮ್ಮನಿರಬಹುದು. ಜೀನೋಮ್ ಇಂಡಿಯಾ ಯೋಜನೆ ಇದನ್ನು ಸ್ವಲ್ಪ ಸರಿಮಾಡಿದೆ. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಇಪ್ಪತ್ತು ಸಂಸ್ಥೆಗಳು ಸೇರಿ 83 ಸಮುದಾಯಗಳ 10 ಸಾವಿರ ಜನರ ಜೀನೋಮ್ ಓದಿವೆ. ಆ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಈ ಭಾಗದಿಂದ ಬಂದ ಪೋಸ್ಟ್‌ಡಾಕ್‌ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆ ಬೇಕಿಲ್ಲ.

ನನಗೆ ಕೋಡಿಂಗ್ ಬರಲ್ಲ. ಬಯೋಟೆಕ್ ಓದಿದ್ದೇನೆ. ಆಗುತ್ತಾ?

ಆಗುತ್ತದೆ, ಆದರೆ ಪೋಸ್ಟ್‌ಡಾಕ್ ಸೇರಿದ ಮೇಲೆ ಕಲಿಯುತ್ತೇನೆ ಅಂದರೆ ಕಷ್ಟ. ಆರು ತಿಂಗಳಾದರೂ ಮೊದಲೇ ಶುರುಮಾಡಿ. ಲಿನಕ್ಸ್ ಕಮಾಂಡ್‌ಗಳು, ಆಮೇಲೆ ಪೈಥಾನ್ ಅಥವಾ ಆರ್, ಎರಡರಲ್ಲಿ ಒಂದು ಗಟ್ಟಿಯಾಗಿ. ಜೊತೆಗೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್. ಸ್ಟಾಟಿಸ್ಟಿಕ್ಸ್ ಬಿಟ್ಟು ಬರೀ ಕೋಡಿಂಗ್ ಕಲಿತರೆ ಪ್ರಯೋಜನ ಕಡಿಮೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ, ಯುರೋಪಿನ ಇಬಿಐ ಸಂಸ್ಥೆಯ ಆನ್‌ಲೈನ್ ತರಬೇತಿಯಲ್ಲಿ ಎಲ್ಲವೂ ಪುಕ್ಕಟೆ ಸಿಗುತ್ತದೆ. ಒಳ್ಳೆ ಕಂಪ್ಯೂಟರ್ ಇಲ್ಲದಿದ್ದರೆ ಗ್ಯಾಲಕ್ಸಿ ಅನ್ನುವ ವೇದಿಕೆ ಇದೆ, ಬ್ರೌಸರಿನಲ್ಲೇ ಜೀನೋಮ್ ಕೆಲಸ ಮಾಡಬಹುದು. ಹಳೇ ಲ್ಯಾಪ್‌ಟಾಪ್ ಸಾಕು.

ಸಾವಿರ ರೂಪಾಯಿಗೆ ಬಯೋಇನ್ಫರ್ಮ್ಯಾಟಿಕ್ಸ್ (ಕಂಪ್ಯೂಟರಿನಲ್ಲಿ ಜೀವವಿಜ್ಞಾನದ ಡೇಟಾ ಓದುವ ವಿದ್ಯೆ) ಸರ್ಟಿಫಿಕೇಟ್ ಕೊಡುವ ಎರಡು ದಿನದ ವರ್ಕ್‌ಶಾಪ್‌ಗಳಿಗೆ ದುಡ್ಡು ಹಾಕಬೇಡಿ. ಯಾವ ಲ್ಯಾಬಿನವರೂ ಆ ಕಾಗದ ನೋಡುವುದಿಲ್ಲ. ಅದರ ಬದಲು ಸಾರ್ವಜನಿಕವಾಗಿ ಸಿಗುವ ಒಂದು ಡೇಟಾ ತಗೊಂಡು, ಮೊದಲಿನಿಂದ ಕೊನೆವರೆಗೆ ನೀವೇ ವಿಶ್ಲೇಷಣೆ ಮಾಡಿ, ಕೋಡ್ ಗಿಟ್‌ಹಬ್‌ನಲ್ಲಿ ಇಡಿ. ಅದನ್ನು ಎಲ್ಲರೂ ನೋಡುತ್ತಾರೆ.

ನಾನು ಕಂಪ್ಯೂಟರ್ ಸೈನ್ಸ್‌ನವನು. ಬಯಾಲಜಿ ಹತ್ತನೇ ಕ್ಲಾಸಿಗೇ ಬಿಟ್ಟೆ.

ನಿಮ್ಮನ್ನು ಲ್ಯಾಬಿನವರು ಕೈಬೀಸಿ ಕರೆಯುತ್ತಾರೆ. ನಿಮ್ಮ ತೊಂದರೆ ಬೇರೆ. ಡೇಟಾದಲ್ಲಿ ಕಂಡ ಮಾದರಿಯೆಲ್ಲ ನಿಜ ಅಂತ ನಂಬಿಬಿಡುತ್ತೀರಿ. ಎರಡು ಆಸ್ಪತ್ರೆಯ ಸ್ಯಾಂಪಲ್‌ಗಳನ್ನು ಎರಡು ಬೇರೆ ದಿನ, ಬೇರೆ ಕಿಟ್‌ನಲ್ಲಿ ಓದಿದ್ದರೆ ನಿಮ್ಮ ಮಷೀನ್ ಲರ್ನಿಂಗ್ ಕಾಯಿಲೆಯನ್ನಲ್ಲ, ಕಿಟ್ಟನ್ನು ಗುರುತಿಸುತ್ತದೆ. ಒಂದು ತಿಂಗಳಾದರೂ ಸ್ಯಾಂಪಲ್ ತಯಾರಿಸುವವರ ಪಕ್ಕ ನಿಂತು ನೋಡಿ. ಜೆನೆಟಿಕ್ಸ್ ಕ್ಲಿನಿಕ್ಕಿನಲ್ಲಿ ಕೂರಲು ಬಿಟ್ಟರೆ ಅದನ್ನಂತೂ ತಪ್ಪಿಸಬೇಡಿ. 2019ರಲ್ಲಿ ಐಐಐಟಿ ರಾಯಚೂರು ಶುರುವಾದ ಮೇಲೆ ಈ ದಾರಿಯಿಂದ ಬರುವ ಹುಡುಗರು ನಮ್ಮ ಕಡೆಯೂ ಹೆಚ್ಚಬೇಕು ಅನ್ನುವುದು ನನ್ನ ಆಸೆ.

ನನ್ನ ಪಿಎಚ್‌ಡಿ ಚಿಕ್ಕ ಯೂನಿವರ್ಸಿಟಿಯದು. ದೊಡ್ಡ ಲ್ಯಾಬಿನವರು ತಗೋತಾರಾ?

ಯೂನಿವರ್ಸಿಟಿ ಹೆಸರು ನೋಡುವವರು ಇದ್ದಾರೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಕಂಪ್ಯೂಟೇಶನಲ್ ಕೆಲಸದಲ್ಲಿ ಒಂದು ಅನುಕೂಲ ಇದೆ. ಕೈಕೆಲಸ ಎಲ್ಲರಿಗೂ ಕಾಣುತ್ತದೆ. ಕೋಟಿ ರೂಪಾಯಿಯ ಯಂತ್ರ ನಿಮ್ಮ ಕಾಲೇಜಿನಲ್ಲಿ ಇರಲಿಲ್ಲ ಅನ್ನುವುದು ಇಲ್ಲಿ ಅಡ್ಡಿಯಲ್ಲ. ಒಂದು ಗಟ್ಟಿ ಪೇಪರ್, ಬೇರೆಯವರು ಓಡಿಸಿ ನೋಡಬಹುದಾದ ಕೋಡ್, ನಿಮ್ಮನ್ನು ಹತ್ತಿರದಿಂದ ಬಲ್ಲ ಇಬ್ಬರ ಶಿಫಾರಸು. ಇಷ್ಟಿದ್ದರೆ ನೀವು ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿವಿಯಿಂದ ಬಂದಿರಿ, ರಾಯಚೂರು ಕೃಷಿ ವಿವಿಯಿಂದ ಬಂದಿರಿ, ಮಾತು ಮುಂದೆ ಹೋಗುತ್ತದೆ. ಕೃಷಿ ವಿವಿಯವರಿಗೆ ಒಂದು ಮಾತು: ತೊಗರಿ, ಜೋಳದ ತಳಿಯ ಮೇಲೆ ಮಾಡಿದ ಜೆನೆಟಿಕ್ಸ್ ಲೆಕ್ಕಾಚಾರ ವ್ಯರ್ಥ ಅಲ್ಲ. ಗುಣಕ್ಕೂ ಜೀನಿಗೂ ಗಂಟು ಹಾಕುವ ಗಣಿತ ಗಿಡಕ್ಕೂ ಮನುಷ್ಯನಿಗೂ ಬಹುಪಾಲು ಒಂದೇ.

ಎಲ್ಲಿ ಮಾಡಬಹುದು? ನಮ್ಮ ಜಿಲ್ಲೆಯಲ್ಲೇ ಸಾಧ್ಯವಾ?

ಈಗಿನ ಮಟ್ಟಿಗೆ ಊರು ಬಿಡಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರಕಾರಿ ಮೆಡಿಕಲ್ ಕಾಲೇಜು ಇವೆ, ರೋಗಿಗಳು ಇದ್ದಾರೆ. ಜೀನೋಮ್ ವಿಶ್ಲೇಷಣೆ ಕಲಿಸುವ ದೊಡ್ಡ ಗುಂಪುಗಳು ಬೇರೆ ಕಡೆ ಇವೆ.

ರಾಯಚೂರಿನವರು ಯಾಕೋ ಬೆಂಗಳೂರನ್ನೇ ಜಪಿಸುತ್ತಾರೆ. ಹೈದರಾಬಾದ್ ಅದರ ಅರ್ಧ ದೂರದಲ್ಲಿದೆ. ಅಲ್ಲಿ ಜೀವಕೋಶ, ಅಣು ಜೀವವಿಜ್ಞಾನದ ಸಿಸಿಎಂಬಿ ಇದೆ, ಡಿಎನ್‌ಎ ಸಂಶೋಧನೆಯ ಸಿಡಿಎಫ್‌ಡಿ ಇದೆ, ಎರಡೂ ಕೇಂದ್ರದ ಸಂಸ್ಥೆಗಳು. ಮಕ್ಕಳ ಜೆನೆಟಿಕ್ ಕಾಯಿಲೆ ನಿಮ್ಮ ಆಸಕ್ತಿ ಆದರೆ ಸಿಡಿಎಫ್‌ಡಿ ಬಹಳ ಸೂಕ್ತ ಜಾಗ. ನಿಜಾಮ್ಸ್ ಆಸ್ಪತ್ರೆಯ ಜೊತೆ ಸೇರಿ ಅವರು ರೋಗಿಗಳನ್ನೂ ನೋಡುತ್ತಾರೆ. ನಮ್ಮ ಕಡೆಯವರಿಗೆ ತೆಲುಗು ಹೇಗೂ ಬರುತ್ತದೆ.

ಬೆಂಗಳೂರಿನಲ್ಲಿ ಐಐಎಸ್‌ಸಿ, ಜೀವವಿಜ್ಞಾನದ ಎನ್‌ಸಿಬಿಎಸ್, ನಿಮ್ಹಾನ್ಸ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಕಲಿಸುವ ಐಬಿಎಬಿ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಮಣಿಪಾಲದ ಕೆಎಂಸಿಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ, ಅಪರೂಪದ ಕಾಯಿಲೆಗಳಲ್ಲಿ ಹೆಸರು ಮಾಡಿದೆ. ದೂರ ಹೋಗಲು ಸಿದ್ಧ ಇದ್ದರೆ ಜೀನೋಮ್ ಸಂಶೋಧನೆಯ ಎರಡು ಸಂಸ್ಥೆಗಳು: ದೆಹಲಿಯ ಐಜಿಐಬಿ, ಕೋಲ್ಕತಾ ಹತ್ತಿರ ಕಲ್ಯಾಣಿಯ ಎನ್‌ಐಬಿಎಂಜಿ.

ಸಂಸ್ಥೆಯ ಹೆಸರಿಗಿಂತ ಲ್ಯಾಬ್ ಮುಖ್ಯ. ಒಂದೇ ಕಟ್ಟಡದ ಎರಡು ಲ್ಯಾಬ್‌ಗಳಲ್ಲಿ ಒಂದು ಸ್ವರ್ಗ, ಇನ್ನೊಂದು ನರಕ ಇರಬಹುದು. ಅಲ್ಲಿ ಈಗಾಗಲೇ ಇರುವವರಿಗೆ, ಅದಕ್ಕಿಂತ ಹೆಚ್ಚಾಗಿ ಬಿಟ್ಟು ಹೋದವರಿಗೆ ಫೋನ್ ಮಾಡಿ. ಮೇಲ್ ಅಲ್ಲ, ಫೋನ್. ಬರವಣಿಗೆಯಲ್ಲಿ ಯಾರೂ ನಿಜ ಹೇಳುವುದಿಲ್ಲ.

ದುಡ್ಡು ಎಷ್ಟು ಬರುತ್ತೆ?

ಸರಕಾರಿ ಪ್ರಾಜೆಕ್ಟ್‌ಗಳಲ್ಲಿ ರಿಸರ್ಚ್ ಅಸೋಸಿಯೇಟ್ ದರ 2023ರ ಜನವರಿಯಿಂದ ಹೀಗಿದೆ: ಮೊದಲ ಹಂತಕ್ಕೆ ತಿಂಗಳಿಗೆ 58,000, ಎರಡನೆಯದಕ್ಕೆ 61,000, ಮೂರನೆಯದಕ್ಕೆ 67,000 ರೂಪಾಯಿ. ಜೊತೆಗೆ ನಿಯಮದ ಪ್ರಕಾರ ಮನೆ ಬಾಡಿಗೆ ಭತ್ಯೆ. ಐಟಿ ಕಂಪನಿಗೆ ಹೋದ ತಮ್ಮನ ಸಂಬಳದ ಜೊತೆ ಹೋಲಿಸಬೇಡಿ, ಊಟ ರುಚಿಸುವುದಿಲ್ಲ.

ಹೇಳಲೇಬೇಕಾದ ಕಹಿ ಮಾತು: ಹಣ ಪ್ರತಿ ತಿಂಗಳೂ ಸರಿಯಾಗಿ ಬರುತ್ತದೆ ಅಂತ ನೆಚ್ಚಬೇಡಿ. ಗ್ರ್ಯಾಂಟ್ ತಡವಾದರೆ ಸಂಬಳವೂ ತಡ. ಮೂರು-ನಾಲ್ಕು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೊರಡಿ. ಬ್ಯಾಂಕ್ ಸಾಲದ ಕಂತು ಇದ್ದರೆ ಇನ್ನೂ ಹುಷಾರು.

ಪ್ರಾಜೆಕ್ಟ್‌ಗಿಂತ ನಿಮ್ಮದೇ ಹೆಸರಿನ ಫೆಲೋಶಿಪ್ ಯಾವಾಗಲೂ ಒಳ್ಳೆಯದು. ಲ್ಯಾಬಿನಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್ ಆಗಿದೆ. ಅವರ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ (ಎನ್‌ಪಿಡಿಎಫ್) ಎರಡು ವರ್ಷದ್ದು. ಡಿಬಿಟಿ, ಸಿಎಸ್‌ಐಆರ್, ಐಸಿಎಂಆರ್ ಅನ್ನುವ ಕೇಂದ್ರದ ಇತರ ಸಂಸ್ಥೆಗಳದ್ದೂ ಬೇರೆ ಬೇರೆ ಇವೆ. ಡಿಬಿಟಿ ಮತ್ತು ಬ್ರಿಟನ್ನಿನ ವೆಲ್ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್‌ನ ಅರ್ಲಿ ಕೆರಿಯರ್ ಫೆಲೋಶಿಪ್ ಐದು ವರ್ಷದ್ದು, ಸಿಗುವುದು ಕಷ್ಟ, ಸಿಕ್ಕರೆ ಬಹಳ ಸ್ವಾತಂತ್ರ್ಯ.

ವಯಸ್ಸಿನ ಮಿತಿ?

ಎನ್‌ಪಿಡಿಎಫ್‌ಗೆ 35. ಎಸ್‌ಸಿ, ಎಸ್‌ಟಿ, ಒಬಿಸಿ, ಮಹಿಳೆಯರು, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಬೇರೆ ಫೆಲೋಶಿಪ್‌ಗಳು ಪಿಎಚ್‌ಡಿ ಆಗಿ ಎಷ್ಟು ವರ್ಷ ಆಯಿತು ಅಂತ ನೋಡುತ್ತವೆ. ಅದಕ್ಕೇ ಪಿಎಚ್‌ಡಿ ವೈವಾ ಆಗಿ ಪ್ರಮಾಣಪತ್ರಕ್ಕೆ ಕಾಯುತ್ತಾ ವರ್ಷ ಕಳೆಯಬೇಡಿ. ವೈವಾ ದಿನಾಂಕ ಗೊತ್ತಾದ ಕೂಡಲೇ ಅರ್ಜಿ ಶುರುಮಾಡಿ.

ಅಮೆರಿಕದಲ್ಲಿ ಇದೇ ವಿಷಯದ ತರಬೇತಿ ಕಾರ್ಯಕ್ರಮ ನೋಡಿದೆ. ಅರ್ಜಿ ಹಾಕಲಾ?

ಮೊದಲು ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ಅಲ್ಲಿನ ಬಹಳಷ್ಟು ಪೋಸ್ಟ್‌ಡಾಕ್ ತರಬೇತಿ ಕಾರ್ಯಕ್ರಮಗಳು ಅಮೆರಿಕ ಸರಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಟಿ-32 ಅನ್ನುವ ತರಬೇತಿ ಗ್ರ್ಯಾಂಟಿನಿಂದ ನಡೆಯುತ್ತವೆ. ಆ ದುಡ್ಡು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಒಬ್ಬೊಬ್ಬ ಪೋಸ್ಟ್‌ಡಾಕ್‌ಗೆ ನೇರವಾಗಿ ಕೊಡುವ ಎಫ್-32 ಫೆಲೋಶಿಪ್ ಕೂಡ ಹಾಗೇ. ಚೆಂದದ ಜಾಹೀರಾತು ಓದಿ ವಾರಗಟ್ಟಲೆ ಅರ್ಜಿ ತಯಾರಿಸಿ, ಕೊನೆಯ ಸಾಲಿನಲ್ಲಿ ಈ ಷರತ್ತು ನೋಡಿ ತಲೆ ಚಚ್ಚಿಕೊಂಡವರು ಬಹಳ ಜನ.

ದಾರಿ ಮುಚ್ಚಿತು ಅಂತಲ್ಲ. ಅದೇ ಕಾರ್ಯಕ್ರಮದಲ್ಲಿ ಪಾಠ ಮಾಡುವ ಪ್ರೊಫೆಸರ್‌ಗಳಿಗೆ ಬೇರೆ ಸಂಶೋಧನಾ ಗ್ರ್ಯಾಂಟ್ ಇರುತ್ತದೆ. ಅದರಿಂದ ಯಾವ ದೇಶದವರನ್ನೂ ತಗೊಳ್ಳಬಹುದು. ನೇರವಾಗಿ ಅವರಿಗೇ ಬರೆಯಿರಿ. ಸೇರಿದ ಮೇಲೆ, ಸ್ವಂತ ಲ್ಯಾಬ್ ಶುರುಮಾಡಲು ಅಣಿಮಾಡುವ ಕೆ-99 ಅನ್ನುವ ಗ್ರ್ಯಾಂಟಿಗೆ ವಿದೇಶಿಯರೂ ಅರ್ಜಿ ಹಾಕಬಹುದು. ಬಹುಪಾಲು ಪೋಸ್ಟ್‌ಡಾಕ್‌ಗಳು ಜೆ-1 ವೀಸಾದಲ್ಲಿ ಹೋಗುತ್ತಾರೆ, ಗರಿಷ್ಠ ಐದು ವರ್ಷ. ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕು ಅನ್ನುವ ನಿಯಮ ಭಾರತದವರನ್ನು ಬಹಳ ಕಾಡುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಅಮೆರಿಕ ಆ ನಿಯಮ ಯಾವ ದೇಶದವರಿಗೆ ಅಂತ ಹೇಳುವ ಕೌಶಲ ಪಟ್ಟಿಯಿಂದ ಭಾರತವನ್ನು ತೆಗೆಯಿತು. ಸರಕಾರದ ಹಣದಲ್ಲಿ ಹೋದವರಿಗೆ ಮಾತ್ರ ನಿಯಮ ಈಗಲೂ ಅಂಟಬಹುದು. ಯುರೋಪಿನಲ್ಲಿ ಮೇರಿ ಕ್ಯೂರಿ ಫೆಲೋಶಿಪ್ ಇದೆ, ಪಿಎಚ್‌ಡಿ ಆಗಿ ಎಂಟು ವರ್ಷದೊಳಗೆ ಇರಬೇಕು.

ಪ್ರೊಫೆಸರಿಗೆ ಮೇಲ್ ಹೇಗೆ ಬರೆಯೋದು? ಯಾರೂ ಉತ್ತರ ಕೊಡಲ್ಲ.

"ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ" ಅಂತ ಶುರುವಾದರೆ ಅದು ನೂರು ಜನಕ್ಕೆ ಹೋಗಿದೆ ಅಂತ ಓದಿದ ಕ್ಷಣ ಗೊತ್ತಾಗುತ್ತದೆ. ಅವರ ಒಂದು ಪೇಪರ್ ಪೂರ್ತಿ ಓದಿ. ಅದರಲ್ಲಿ ನಿಮಗೆ ಅನುಮಾನ ಬಂದ ಒಂದು ಜಾಗದ ಬಗ್ಗೆ ಎರಡು ಸಾಲು ಬರೆಯಿರಿ. ನಿಮ್ಮ ಕೈಯಲ್ಲಿ ಏನು ಕೆಲಸ ಬರುತ್ತದೆ, ಕೋಡ್ ಎಲ್ಲಿದೆ, ಯಾವ ತಿಂಗಳಿಂದ ಬರಬಲ್ಲಿರಿ ಅಂತ ಹೇಳಿ. ಒಟ್ಟು ಹತ್ತು ಸಾಲು ದಾಟಬಾರದು. ಬಯೋಡೇಟಾದಲ್ಲಿ ತಂದೆಯ ಹೆಸರು, ಧರ್ಮ, ಎಸ್ಸೆಸ್ಸೆಲ್ಸಿ ಅಂಕ ಬೇಡ.

ಎರಡು ವಾರ ಕಾದು ಒಮ್ಮೆ ನೆನಪಿಸಿ. ಆಮೇಲೂ ಉತ್ತರ ಇಲ್ಲದಿದ್ದರೆ ಮುಂದಿನವರು. ಬೇಸರ ಮಾಡಿಕೊಂಡು ಕೂರಬೇಡಿ, ಇದು ಎಲ್ಲರಿಗೂ ಆಗುವುದೇ.

ಕನ್ನಡ ಮೀಡಿಯಂನಲ್ಲಿ ಓದಿದೆ. ಇಂಗ್ಲಿಷಿನ ಭಯ.

ಸೆಮಿನಾರಿನಲ್ಲಿ ಮಾತಾಡುವುದು ಅಭ್ಯಾಸದಿಂದ ಬರುತ್ತದೆ. ಬರವಣಿಗೆಗೆ ಜಾಸ್ತಿ ಗಮನ ಕೊಡಿ, ಪೋಸ್ಟ್‌ಡಾಕ್‌ನಲ್ಲಿ ಅರ್ಧ ಕೆಲಸ ಬರೆಯುವುದೇ. ಇನ್ನೊಂದು ಕಡೆ ನಿಮ್ಮ ಕನ್ನಡವೇ ಬಂಡವಾಳ. ಕೊಪ್ಪಳದ ಅಜ್ಜಿಯ ಹತ್ತಿರ ಕೂತು ಮೂರು ತಲೆಮಾರಿನ ವಂಶವೃಕ್ಷ ಕೇಳಿ ಬರೆಯುವುದು ಇಂಗ್ಲಿಷಿನಲ್ಲಿ ಆಗುವುದಿಲ್ಲ. ಹುಟ್ಟಿ ತೀರಿಕೊಂಡ ಮಕ್ಕಳ ಲೆಕ್ಕ ಮೊದಲ ಸಲ ಯಾರೂ ಹೇಳುವುದಿಲ್ಲ. ಎರಡನೇ ಸಲ, ಚಹಾ ಕುಡಿಯುತ್ತಾ ಹೇಳುತ್ತಾರೆ. ವಿಶ್ಲೇಷಣೆಯ ದಾರಿಯನ್ನೇ ಬದಲಿಸುವ ಮಾಹಿತಿ ಅದು.

ಊರಿನ ಕುಟುಂಬಗಳ ರಕ್ತದ ಸ್ಯಾಂಪಲ್ ತಂದು ಕೆಲಸ ಶುರುಮಾಡಬಹುದಾ?

ಹಾಗೆ ತರುವಂತಿಲ್ಲ. ಪರಿಚಯದವರು, ಬಂಧುಗಳು ಅಂದರೂ ಇಲ್ಲ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು. ಐಸಿಎಂಆರ್ 2017ರ ಮಾರ್ಗಸೂಚಿ ಇದನ್ನು ವಿವರವಾಗಿ ಹೇಳುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು, ಓದಲು ಬರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ಸ್ಯಾಂಪಲ್ ಅಥವಾ ಡೇಟಾ ಹೊರದೇಶದ ಜೊತೆ ಹಂಚಿಕೊಳ್ಳುವುದಾದರೆ ಆರೋಗ್ಯ ಸಚಿವಾಲಯದ ಸಮಿತಿಯ ಅನುಮತಿ ಪ್ರಶ್ನೆ ಬರುತ್ತದೆ.

ಕಾಗದದ ಆಚೆಗೂ ಒಂದು ಹೊಣೆ ಇದೆ. ಹೆಸರು ಅಳಿಸಿದರೆ ಸಾಕು ಅಂತ ದೊಡ್ಡ ಊರಿನವರು ಅಂದುಕೊಳ್ಳುತ್ತಾರೆ. ನಮ್ಮ ಕಡೆ ತಾಲ್ಲೂಕು, ಜಾತಿ, ಕಾಯಿಲೆ ಮೂರನ್ನೂ ಒಂದೇ ಪೇಪರಿನಲ್ಲಿ ಬರೆದರೆ ಯಾವ ಮನೆ ಅಂತ ಸಂತೆಯಲ್ಲಿ ಕೇಳಿದರೂ ಹೇಳುತ್ತಾರೆ. ಆಮೇಲೆ ಆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಬರುವುದು ನಿಲ್ಲುತ್ತದೆ. ವಾಹಕ (ಒಂದು ಪ್ರತಿ ಮಾತ್ರ ಕೆಟ್ಟಿರುವವರು) ಅಂದರೆ ರೋಗಿ ಅಲ್ಲ ಅಂತ ನೀವು ಎಷ್ಟು ವಿವರಿಸಿದರೂ ಬೀಗರು ಕೇಳುವುದಿಲ್ಲ. ಪೇಪರಿಗೆ ಜಾತಿಯ ಹೆಸರು ನಿಜಕ್ಕೂ ಬೇಕಾ ಅಂತ ಪ್ರತಿ ಸಲ ಕೇಳಿಕೊಳ್ಳಿ. ಬಿಸಿಎಚ್‌ಇಯಂಥ ಕಡೆ ಬೇಕು, ಯಾಕೆಂದರೆ ಅದು ಗೊತ್ತಾದರೆ ಜೀವ ಉಳಿಯುತ್ತದೆ. ಉಳಿದ ಕಡೆ ಬಹಳ ಸಲ ಬೇಡ.

ಮನೆಯಿಂದಲೇ ಪೋಸ್ಟ್‌ಡಾಕ್ ಮಾಡಬಹುದಾ? ಕಂಪ್ಯೂಟರ್ ಕೆಲಸ ತಾನೇ?

ಪೂರ್ತಿಯಾಗಿ ಬೇಡ. ಒಂದು ಕಾರಣ ಡೇಟಾ. ರೋಗಿಗಳ ಜೀನೋಮ್ ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಬಿಡುವುದಿಲ್ಲ, ಬಿಡಬಾರದು ಕೂಡ. ಬ್ರಿಟನ್ನಿನ ಆರೋಗ್ಯ-ಜೀನ್ ಮಾಹಿತಿ ಸಂಗ್ರಹವಾದ ಯುಕೆ ಬಯೋಬ್ಯಾಂಕ್‌ನ ಸುಮಾರು 5 ಲಕ್ಷ ಜನರ ಡೇಟಾ ಈಗ ಅವರ ಕ್ಲೌಡ್ ಒಳಗೇ ಬಳಸಬೇಕು. ಜೀನೋಮ್ ಇಂಡಿಯಾ ಡೇಟಾ ಫರಿದಾಬಾದಿನ ಸರಕಾರಿ ಡೇಟಾ ಕೇಂದ್ರ ಐಬಿಡಿಸಿಯಲ್ಲಿದೆ, ಅರ್ಜಿ ಹಾಕಿ ಒಪ್ಪಿಗೆ ಪಡೆದವರಿಗೆ ಮಾತ್ರ. ಇನ್ನೊಂದು ಕಾರಣ, ಮೇಲೆ ಹೇಳಿದ ಎ-ಟಿ ಗೊಂದಲದಂಥದ್ದು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ, ಪಕ್ಕದ ಕುರ್ಚಿಯವರು ಇಣುಕಿ ನೋಡಿ ಹೇಳುತ್ತಾರೆ. ಹೆರಿಗೆ ಆದವರು, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ವಾರಕ್ಕೆ ಕೆಲವು ದಿನ ಮನೆಯಿಂದ ಮಾಡುವ ಒಪ್ಪಂದ ಕೇಳಬಹುದು. ಕೇಳಲು ಸಂಕೋಚ ಬೇಡ. ಈ ಕ್ಷೇತ್ರದಲ್ಲಿ ಅದು ಸಾಧ್ಯ, ಟೆಸ್ಟ್‌ಟ್ಯೂಬ್ ಹಿಡಿದು ಪ್ರಯೋಗ ಮಾಡುವ ಲ್ಯಾಬ್‌ಗಳಲ್ಲಿ ಸಾಧ್ಯವಿಲ್ಲ.

ಎಐ ಬಂದಿದೆಯಲ್ಲ, ಈ ಕೆಲಸ ಉಳಿಯುತ್ತಾ?

ಕೆಲಸ ಬದಲಾಗುತ್ತಿದೆ. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್‌ಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಬಂತು. 2023ರಲ್ಲಿ ಬಂದ ಆಲ್ಫಾಮಿಸ್ಸೆನ್ಸ್ ಮನುಷ್ಯರಲ್ಲಿ ಸಾಧ್ಯ ಇರುವ 7 ಕೋಟಿಗೂ ಹೆಚ್ಚು ಒಂದಕ್ಷರದ ಬದಲಾವಣೆಗಳಿಗೆ ಅಂಕ ಕೊಟ್ಟಿದೆ. ಆದರೆ ಅಂಕ ಅಂದರೆ ತೀರ್ಪಲ್ಲ. ಅಮೆರಿಕದ ಜೆನೆಟಿಕ್ಸ್ ವೈದ್ಯರ ಸಂಸ್ಥೆ ಎಸಿಎಂಜಿಯ 2015ರ ನಿಯಮದಲ್ಲಿ ಒಂದು ಬದಲಾವಣೆಯನ್ನು, ನಿರಪಾಯದಿಂದ ಕಾಯಿಲೆ ತರುವುದರವರೆಗಿನ ಐದು ವರ್ಗದಲ್ಲಿ ಒಂದಕ್ಕೆ ಹಾಕಬೇಕಾದರೆ ಕಂಪ್ಯೂಟರ್ ಊಹೆ ಒಂದು ಪುಟ್ಟ ಸಾಕ್ಷಿ ಮಾತ್ರ. ಕುಟುಂಬ, ಪ್ರಯೋಗ, ಜನಸಂಖ್ಯೆಯ ಲೆಕ್ಕ ಉಳಿದದ್ದು. ಬರೀ ಸಾಫ್ಟ್‌ವೇರ್ ಓಡಿಸುವವರಿಗೆ ಕಷ್ಟಕಾಲ ಬಂದಿದೆ, ಅದು ನಿಜ.

ಪೋಸ್ಟ್‌ಡಾಕ್ ಮುಗಿದ ಮೇಲೆ?

ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಎಲ್ಲರಿಗೂ ಸಿಗುವುದಿಲ್ಲ. ಬೆಂಗಳೂರು, ಹೈದರಾಬಾದಿನ ಜೀನೋಮ್ ಪರೀಕ್ಷಾ ಕಂಪನಿಗಳು, ಔಷಧ ಕಂಪನಿಗಳು, ಆಸ್ಪತ್ರೆಯ ಜೆನೆಟಿಕ್ಸ್ ಲ್ಯಾಬ್‌ಗಳು ಈ ಕೆಲಸ ಬಲ್ಲವರನ್ನು ತಗೊಳ್ಳುತ್ತವೆ. ವಾಪಸ್ ಬರುವ ಆಸೆ ಇದ್ದರೆ 371(ಜೆ) ಪ್ರಮಾಣಪತ್ರ ಜೋಪಾನವಾಗಿಡಿ. ಕಲ್ಯಾಣ ಕರ್ನಾಟಕದ ರಾಜ್ಯ ಸರಕಾರಿ ಹುದ್ದೆಗಳಲ್ಲಿ ಅದಕ್ಕೆ ಬೆಲೆ ಇದೆ. ಐಐಎಸ್‌ಸಿ, ಸಿಸಿಎಂಬಿಯಂಥ ಕೇಂದ್ರದ ಸಂಸ್ಥೆಗಳಲ್ಲಿ ಅದು ನಡೆಯುವುದಿಲ್ಲ, ಅಲ್ಲಿ ತೋರಿಸಿ ಪ್ರಯೋಜನವಿಲ್ಲ.

ನಮ್ಮ ಮಗುವಿಗೇ ಇಂಥ ಕಾಯಿಲೆ ಇದೆ. ರಿಪೋರ್ಟ್ ಕಳಿಸಲಾ, ನೋಡಿ ಹೇಳ್ತೀರಾ?

ವಾಟ್ಸಾಪ್‌ನಲ್ಲಿ ದಯವಿಟ್ಟು ಕಳಿಸಬೇಡಿ, ನನಗೂ ಬೇಡ, ಬೇರೆ ಯಾವ ಸಂಶೋಧಕರಿಗೂ ಬೇಡ. ನಾವು ಡಾಕ್ಟರ್ ಅಲ್ಲ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಹೆಸರಿಸಿದ ಕೇಂದ್ರಗಳಿವೆ. ಹತ್ತಿರದವು ಎರಡು: ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿದ್ದು, ಹೈದರಾಬಾದಿನಲ್ಲಿ ನಿಜಾಮ್ಸ್ ಮತ್ತು ಸಿಡಿಎಫ್‌ಡಿ ಸೇರಿದ್ದು. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಇಂಥ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು.

ಹೋಗುವಾಗ ಹಳೆಯ ಕಾಗದ ಎಲ್ಲವನ್ನೂ ತಗೊಂಡು ಹೋಗಿ. ಪರೀಕ್ಷೆ ಮಾಡಿಸಿದ ಲ್ಯಾಬಿನಿಂದ ರಿಪೋರ್ಟ್ ಜೊತೆ ಮೂಲ ಡೇಟಾ ಫೈಲನ್ನೂ ಕೇಳಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಈಗ ಏನೂ ಸಿಗಲಿಲ್ಲ ಅಂದರೆ ಒಂದೆರಡು ವರ್ಷ ಬಿಟ್ಟು ಅದೇ ಫೈಲನ್ನು ಮತ್ತೆ ವಿಶ್ಲೇಷಿಸಲು ಡಾಕ್ಟರನ್ನು ಕೇಳಿ. ಅಷ್ಟರಲ್ಲಿ ಹೊಸ ಜೀನ್‌ಗಳು ಪಟ್ಟಿಗೆ ಸೇರಿರುತ್ತವೆ. ಮತ್ತೆ ರಕ್ತ ಕೊಡಬೇಕಾಗಿಲ್ಲ, ಖರ್ಚೂ ಕಡಿಮೆ.